ಸೀಸೆ ಮಾಡಿದ ಅಪರಾಧವೇನು?

ಮನೆಯಲ್ಲಿ ಹುದುಗಿಸಿದ ಬಿಯರಿನ ಬಗ್ಗೆ ನಡೆಯುವ ಚರ್ಚೆಯೆಲ್ಲವೂ ದ್ರವದ ಸುತ್ತಲೇ ಸುತ್ತುತ್ತದೆ. ಅದು ಪಾಪವೋ ಅಲ್ಲವೋ, ಆರೋಗ್ಯಕ್ಕೆ ಹಾನಿಯೋ ಅಲ್ಲವೋ, ಸರ್ಕಾರದ ಬೊಕ್ಕಸಕ್ಕೆ ನಷ್ಟವೋ ಅಲ್ಲವೋ ಎಂದು ವಾದಿಸುವವರಲ್ಲಿ ಒಬ್ಬರಾದರೂ ಅದನ್ನು ತುಂಬಿಡುವ ಸೀಸೆಯ ಕಡೆಗೆ ಕಣ್ಣು ಹಾಯಿಸಿದ್ದನ್ನು ನಾನು ಕಂಡಿಲ್ಲ. ಆದರೆ ಮನೆಬಿಯರಿನಲ್ಲಿ ಒಂದು ರಾತ್ರಿಯೊಳಗೆ ಮನುಷ್ಯನ ಕಣ್ಣು ಕಳೆಯಬಲ್ಲದ್ದು ಏನಾದರೂ ಇದ್ದರೆ ಅದು ಬಿಯರಲ್ಲ, ಗಾಜು. ನಾನು ವಾಸಿಸುವ ರಾಜ್ಯದ ಕಾನೂನು ದ್ರವಕ್ಕೆ ಹೆದರಿ ಒಳ್ಳೆಯ ಗಾಜನ್ನು ಪುಡಿ ಮಾಡುತ್ತದೆ. ನಮ್ಮ ಮಾರುಕಟ್ಟೆ ಲಾಭಕ್ಕೆ ಸೋತು ಒಳ್ಳೆಯ ಗಾಜನ್ನು ಕೈಬಿಟ್ಟಿದೆ. ಇವೆರಡರ ನಡುವೆ, ಕಾನೂನಿನ ಮಿತಿಯೊಳಗೇ ಏನನ್ನಾದರೂ ಹುದುಗಿಸಿಕೊಳ್ಳುವ ಮನೆಗಳಿಗೆ ಸುರಕ್ಷಿತವಾದ ಒಂದು ಸೀಸೆಯೂ ಸಿಗದಂತಾಗಿದೆ. ನನ್ನ ತಕರಾರು ಇಷ್ಟೆ, ಇದನ್ನು ಕ್ಷುಲ್ಲಕವೆಂದು ತಳ್ಳಿಹಾಕುವವರ ಮೇಲೆ ನನಗೆ ಸಿಟ್ಟೂ ಇದೆ.

ಸೂರತ್ತಿನಲ್ಲಿ ತಾಪಿ ನದಿಯ ಪಶ್ಚಿಮ ದಂಡೆಯ ಮೇಲೆ ಹಬ್ಬಿರುವ ಅಡಾಜಣಿನಲ್ಲಿ ಸಿಗದ ವಸ್ತು ಕಡಿಮೆ. ಪಾತ್ರೆಯಂಗಡಿಯಲ್ಲಿ ಹತ್ತು ಲೀಟರಿನ ಉಕ್ಕಿನ ಡಬರಿ ಸಿಗುತ್ತದೆ, ಕಿರಾಣಿಯಲ್ಲಿ ಯೀಸ್ಟ್ ಸಿಗುತ್ತದೆ, ಬಾರ್ಲಿಯೂ ಸಿಗುತ್ತದೆ. ಆದರೆ ಇಲ್ಲಿನ ಪಸ್ತಿವಾಲನ ಗಾಡಿಯನ್ನು ತಲೆಕೆಳಗು ಮಾಡಿದರೂ ಕಂದು ಬಣ್ಣದ, 650 ಮಿಲಿಲೀಟರಿನ ಒಂದು ಬಿಯರ್ ಸೀಸೆ ಉದುರುವುದಿಲ್ಲ. ಸಾಸಿನ ಸೀಸೆ, ಷರಬತ್ತಿನ ಸೀಸೆ, ತೆಂಗಿನೆಣ್ಣೆಯ ಡಬ್ಬಿ ಎಲ್ಲವನ್ನೂ ತೂಗಿ ಕೊಳ್ಳುವವನು ಆ ಒಂದು ಬಣ್ಣದ ಗಾಜನ್ನು ಕಂಡರೆ ಕೈ ಹಿಂದೆಗೆಯುತ್ತಾನೆ. ಹಳೆಯ ಸಾಮಾನಿನ ಅಂಗಡಿಗೆ ನಾವು ಕನ್ನಡದಲ್ಲಿ ಗುಜರಿ ಎನ್ನುತ್ತೇವೆ. ಅಹಮದಾಬಾದಿನ ಸಾಬರಮತಿ ದಂಡೆಯ ಭಾನುವಾರದ ಸಂತೆಗೂ ಗುಜರಿ ಬಜಾರ್ ಎಂದೇ ಹೆಸರು. ಅಂಥ ಗುಜರಿಯ ನಾಡಿನಲ್ಲಿ ಒಂದು ಖಾಲಿ ಸೀಸೆಗೆ ಗುಜರಿ ಇಲ್ಲ.

ಬೆಂಗಳೂರಿನ ಗೆಳೆಯರಿಗೆ ಇದು ವಿಚಿತ್ರವೆನಿಸುತ್ತದೆ. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬಾತ ದಕ್ಷಿಣದ ಐದು ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ ಕಾಲದಿಂದ ಬಿಯರ್ ಆ ಊರಿಗೆ ಹೊಸದಲ್ಲ. ಅಲ್ಲಿ ಬೀದಿಬೀದಿಯಲ್ಲಿ ಖಾಲಿ ಬಾಟಲಿ ಕೊಳ್ಳುವವರಿದ್ದಾರೆ. ಆ ಬಾಟಲಿಗಳು ತೊಳೆಯುವ ಜಾಗ ಸೇರಿ, ಮತ್ತೆ ಬ್ರೂವರಿಗೆ ಹೋಗಿ, ಮತ್ತೆ ತುಂಬಿ ಬರುತ್ತವೆ. ಪ್ರತಿಸ್ಪರ್ಧಿಗಳು ತಮ್ಮ ಸೀಸೆಗಳಲ್ಲಿ ತಮ್ಮ ಬಿಯರ್ ತುಂಬಬಾರದೆಂದು ಕಂಪನಿಗಳು ಗಾಜಿನ ಮೇಲೆಯೇ ಹೆಸರನ್ನು ಉಬ್ಬಾಗಿ ಅಚ್ಚೊತ್ತಿಸಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದೂ ಉಂಟು. ಖಾಲಿ ಸೀಸೆಗೂ ಬೆಲೆಯಿದೆ, ಒಡೆತನವಿದೆ, ವ್ಯಾಜ್ಯವಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಹವ್ಯಾಸಕ್ಕಾಗಿ ಬಿಯರ್ ತಯಾರಿಸುವ ಬೆಂಗಳೂರಿಗ ಅದೇ ಸೀಸೆಯನ್ನು ಕೆಲವು ರೂಪಾಯಿಗೆ ತಂದು, ತೊಳೆದು, ಕೈಯಂತ್ರದಿಂದ ಮುಚ್ಚಳ ಒತ್ತಿ ಇಡುತ್ತಾನೆ. ಹಾಗಾಗಿ ಅವನು ಹೇಳುವುದು ಒಂದೇ ಮಾತು: ಯಾವುದಾದರೂ ಬಾಟಲಿ ಸಾಕು, ತಲೆ ಕೆಡಿಸಿಕೊಳ್ಳಬೇಡಿ. ಸಿಗುವ ಊರಿನವನ ಮಾತು ಅದು. ಅದನ್ನು ನಂಬಿ ಸಿಗದ ಊರಿನವನು ಸಾಸಿನ ಸೀಸೆಗೆ ಕೈ ಹಾಕಿದಾಗ ಏನಾಗುತ್ತದೆಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಬಿಯರಿಗೆ ನೊರೆ ಬರುವುದು ಇಂಗಾಲದ ಡೈಆಕ್ಸೈಡಿನಿಂದ. ಹುದುಗು ಮುಗಿದ ಬಿಯರಿಗೆ ಲೀಟರಿಗೆ ಸುಮಾರು 7 ಗ್ರಾಂ ಸಕ್ಕರೆ ಬೆರೆಸಿ ಸೀಸೆಗೆ ತುಂಬಿ ಮುಚ್ಚುತ್ತಾರೆ. ಉಳಿದಿರುವ ಯೀಸ್ಟು ಆ ಸಕ್ಕರೆಯನ್ನು ತಿಂದು ಅನಿಲ ಮಾಡುತ್ತದೆ. ಲೀಟರಿಗೆ 4 ಗ್ರಾಂ ಸಕ್ಕರೆ ಹುದುಗಿದರೆ ದ್ರವದಷ್ಟೇ ಗಾತ್ರದ ಅನಿಲ ಹುಟ್ಟುತ್ತದೆ ಎಂಬುದು ಸ್ಥೂಲವಾದ ಲೆಕ್ಕ. ಮೊದಲೇ ಕರಗಿದ್ದ ಅನಿಲವೂ ಸೇರಿ ಬಿಯರಿನಲ್ಲಿ ಅದರ ಎರಡೂವರೆ ಪಟ್ಟಿನಷ್ಟು ಅನಿಲ ಕೂಡುತ್ತದೆ. ಇಂಥ ಸೀಸೆ ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿದ್ದಾಗ ಒಳಗಿನ ಒತ್ತಡ ಹೊರಗಿಗಿಂತ ಹತ್ತು ಪೌಂಡಿನಷ್ಟು ಹೆಚ್ಚು. ಅದೇ ಸೀಸೆ 30 ಡಿಗ್ರಿಯ ಕೋಣೆಯಲ್ಲಿ ನಲವತ್ತು ಪೌಂಡಿಗೆ ಏರುತ್ತದೆ. ಸೂರತ್ತಿನ ಮೇ ತಿಂಗಳಲ್ಲಿ, ಬಾಲ್ಕನಿಗೆ ತಾಗಿದ ಅಡುಗೆಮನೆಯ ಕಪಾಟಿನಲ್ಲಿ, 40 ಡಿಗ್ರಿಯಲ್ಲಿ ಐವತ್ತು ಪೌಂಡನ್ನೂ ದಾಟುತ್ತದೆ. ಪೆಟ್ರೋಲ್ ಬಂಕಿನಲ್ಲಿ ಕಾರಿನ ಚಕ್ರಕ್ಕೆ ಮೂವತ್ತೆರಡು ಹಾಕಿ ಎನ್ನುತ್ತೇವಲ್ಲ, ಅದೇ ಪೌಂಡು. ತಂತಿ ಹೆಣೆದ ದಪ್ಪ ರಬ್ಬರಿನ ಚಕ್ರ ಹೊರುವುದಕ್ಕಿಂತ ಹೆಚ್ಚಿನ ಭಾರವನ್ನು ಒಂದು ಸೀಸೆ ತಿಂಗಳುಗಟ್ಟಲೆ ಹೊರಬೇಕು.

ಇದು ಅಳತೆಯಿಟ್ಟು ಸಕ್ಕರೆ ಹಾಕಿದವನ ಕಥೆ. ಅವಸರಪಟ್ಟು, ಹುದುಗು ಮುಗಿಯುವ ಮೊದಲೇ ಮುಚ್ಚಳ ಬಿಗಿದವನದು ಬೇರೆ. ಲೀಟರಿಗೆ 100 ಗ್ರಾಂ ಸಕ್ಕರೆಯಿರುವ ಶುಂಠಿಯ ಪಾನಕವನ್ನು ಬೆಚ್ಚಗಿನ ಮೂಲೆಯಲ್ಲಿ ಬಿಗಿದಿಟ್ಟರೆ, ಸಕ್ಕರೆಯೆಲ್ಲ ಹುದುಗುವುದಾದರೆ ಲೆಕ್ಕದ ಒತ್ತಡ ಐನೂರು ಪೌಂಡಿನ ಮೇಲಕ್ಕೆ ಹೋಗುತ್ತದೆ. ಅಲ್ಲಿಗೆ ತಲುಪುವ ಬಹಳ ಮೊದಲೇ ಗಾಜು ಮಣಿದಿರುತ್ತದೆ. ಷಾಂಪೇನಿನ ಸೀಸೆಯನ್ನೂ ಸೇರಿಸಿ ಯಾವ ಪಾನೀಯದ ಸೀಸೆಯೂ ಆ ಭಾರಕ್ಕೆ ಹುಟ್ಟಿದ್ದಲ್ಲ.

ಈಗ ಮನೆಯ ಸೀಸೆಗಳನ್ನು ಒಂದೊಂದಾಗಿ ನೋಡಿ. ಸಾಸಿನ ಸೀಸೆ, ಷರಬತ್ತಿನ ಸೀಸೆಗಳು ಒಳಗಿನಿಂದ ಒತ್ತುವ ದ್ರವಕ್ಕಾಗಿ ಮಾಡಿದವಲ್ಲ. ಅವುಗಳ ಗಾಜು ತೆಳು, ಎಲ್ಲೆಡೆ ಒಂದೇ ದಪ್ಪವೂ ಇರುವುದಿಲ್ಲ. ಅಂಗಡಿಯ ಗಾಜಿನ ಕಪಾಟಿನಲ್ಲಿ ಚೆಲುವಾಗಿ ಕಾಣುವ ಚೌಕಾಕಾರದ ಎಣ್ಣೆಸೀಸೆ ಇನ್ನೂ ಕೆಟ್ಟದ್ದು, ಒತ್ತಡವೆಲ್ಲ ಮೂಲೆಗೆ ಸೇರುತ್ತದೆ. ವಿಸ್ಕಿಯ ಸೀಸೆ ಗಟ್ಟಿಯಾಗಿ ಕಂಡರೂ ಅದು ನೊರೆಯಿಲ್ಲದ ಪಾನೀಯದ ಪಾತ್ರೆ. ತಿರುಪಿನ ಮುಚ್ಚಳವೂ ಆ ಕೆಲಸದ್ದಲ್ಲ. ಕೊಡಗಿನ ಮನೆಗಳಲ್ಲಿ, ಮಂಗಳೂರಿನ ಕ್ರಿಸ್ಮಸ್ಸಿನ ಮನೆಗಳಲ್ಲಿ ಹಣ್ಣಿನ ವೈನನ್ನು ಅಂಥ ಸೀಸೆಗಳಲ್ಲಿಡುವುದುಂಟು. ಭರಣಿಯಲ್ಲಿ ಬಟ್ಟೆ ಕಟ್ಟಿ ಹುದುಗು ಪೂರ್ತಿ ಇಳಿದ ಮೇಲೆ ಸೋಸಿ ತುಂಬುವುದರಿಂದ ಅದು ನಡೆಯುತ್ತದೆ. ವೈನಿಗೆ ನಡೆದದ್ದು ಬಿಯರಿಗೂ ನಡೆಯುತ್ತದೆಂದು ತಿಳಿಯುವುದೇ ತಪ್ಪು. ಬಿಯರಿಗೆ ಬೇಕಾದದ್ದು ದುಂಡಗಿನ, ದಪ್ಪ ತಳದ, 1892ರಲ್ಲಿ ವಿಲಿಯಂ ಪೇಂಟರ್ ಹಕ್ಕುಪತ್ರ ಪಡೆದ ನೆರಿಗೆಯ ಲೋಹದ ಮುಚ್ಚಳ ಕೂರುವ ಬಾಯಿಯ ಸೀಸೆ. ಹಾಪ್ಸ್ ಹಾಕಿದ ಬಿಯರಾದರೆ ಬಣ್ಣ ಕಂದಿರಬೇಕು. ಬಿಳಿ, ಹಸಿರು ಗಾಜಿನೊಳಗೆ ಬೆಳಕು ಹೊಕ್ಕು ಹಾಪ್ಸಿನ ಕಹಿಯನ್ನು ಒಡೆದು ದುರ್ನಾತ ಹುಟ್ಟಿಸುತ್ತದೆ. ಹಳೆಯ ಸೀಸೆಯಾದರೆ ಬಾಯಿಯ ಅಂಚು ಚಕ್ಕೆ ಎದ್ದಿರಬಾರದು, ಮತ್ತು ಅದರ ಭುಜ ಹಾಗೂ ಬುಡದ ಸುತ್ತ ಉಜ್ಜಿ ಬೆಳ್ಳಗಾದ ಪಟ್ಟಿ ಎಷ್ಟು ದಪ್ಪವಿದೆಯೆಂದು ನೋಡಬೇಕು. ಎಷ್ಟು ಸಲ ತುಂಬಿ ಖಾಲಿಯಾಗಿದೆಯೆಂಬುದನ್ನು ಆ ಪಟ್ಟಿ ಹೇಳುತ್ತದೆ; ಗೀರು ಹೆಚ್ಚಿದಷ್ಟೂ ಗಾಜಿನ ಬಲ ಕಡಿಮೆ.

ನಮ್ಮ ಹಿರಿಯರಿಗೆ ಈ ಯಾವ ತಾಪತ್ರಯವೂ ಇರಲಿಲ್ಲ. 12ನೆಯ ಶತಮಾನದ ಶರಣರ ಸಾಲಿನಲ್ಲಿ ಹೆಂಡದ ಮಾರಯ್ಯನೂ ಒಬ್ಬ. ಹೆಂಡ ಮಾರುವ ಕಾಯಕದ ಮಾತುಗಳನ್ನೇ ಅವನು ವಚನಕ್ಕೆ ತಂದ. ಅವನ ಕಾಲದ ಮಡಕೆಯಾಗಲಿ, ನಿನ್ನೆಮೊನ್ನೆಯವರೆಗೆ ಈಚಲುಮರ ಹತ್ತುತ್ತಿದ್ದವರ ಸೋರೆಬುರುಡೆಯಾಗಲಿ ಬಾಯಿ ತೆರೆದ ಪಾತ್ರೆಗಳು. ಅನಿಲ ತನ್ನ ಪಾಡಿಗೆ ತಾನು ಹೊರಟುಹೋಗುತ್ತಿತ್ತು. ಬಿಯರನ್ನು ಬಾಯಿ ಬಿಗಿದು ನೊರೆ ಹಿಡಿದಿಡುವುದು ಗಾಜಿನ ಕುಲುಮೆ ಬಲವಾದ ಮೇಲೆ ಸಾಧ್ಯವಾದ ಸಂಗತಿ. ಇಂಗ್ಲೆಂಡಿನಲ್ಲಿ ಹಡಗಿಗೆ ಮರ ಬೇಕೆಂದು 1615ರಲ್ಲಿ ಗಾಜಿನ ಕುಲುಮೆಗಳಿಗೆ ಸೌದೆ ಉರಿಸುವುದನ್ನು ಅರಸ ನಿಷೇಧಿಸಿದ; ಕುಲುಮೆಯವರು ಕಲ್ಲಿದ್ದಲಿಗೆ ಹೊರಳಿದರು; ಹೆಚ್ಚಿನ ಕಾವಿನಲ್ಲಿ ದಪ್ಪನೆಯ, ಕಡುಬಣ್ಣದ, ಗಟ್ಟಿ ಗಾಜು ಇಳಿಯಿತು. ಮರ ಉಳಿಸಲು ಹೊರಟ ನಿಷೇಧವೊಂದು ಲೋಕಕ್ಕೆ ಬಲವಾದ ಸೀಸೆಯನ್ನು ಕೊಟ್ಟಿತೆನ್ನುವುದು ನಿಷೇಧಗಳ ಚರಿತ್ರೆಯಲ್ಲಿ ಅಪರೂಪದ ಲಾಭ. ಗುಜರಾತಿನ ನಿಷೇಧಕ್ಕೆ ಅಂಥ ಅದೃಷ್ಟವಿಲ್ಲ.

ಕಾನೂನಿಗೆ ಬರೋಣ. 1949ರ ಮುಂಬಯಿ ಪಾನನಿಷೇಧ ಕಾಯಿದೆ, 1960ರಲ್ಲಿ ರಾಜ್ಯ ಹುಟ್ಟಿದಂದಿನಿಂದ ಗುಜರಾತಿನಲ್ಲಿ ಜಾರಿಯಲ್ಲಿದೆ. 2011ರಲ್ಲಿ ಅದರ ಹೆಸರಿನ ಮುಂಬಯಿ ಹೋಗಿ ಗುಜರಾತ್ ಬಂತು. ಮದ್ಯ ತಯಾರಿಸುವುದು, ಇಟ್ಟುಕೊಳ್ಳುವುದು, ಸಾಗಿಸುವುದು, ಕುಡಿಯುವುದು ಮಾತ್ರವಲ್ಲ, ತಯಾರಿಕೆಗಾಗಿ ಪಾತ್ರೆಪರಡಿ ಇಟ್ಟುಕೊಳ್ಳುವುದೂ ಅಲ್ಲಿ ನಿಷಿದ್ಧ. ಆಲ್ಕೋಹಾಲ್ ಇರುವ ದ್ರವವೆಲ್ಲವೂ ಮದ್ಯ ಎಂಬಷ್ಟು ಅಗಲವಾದ ವ್ಯಾಖ್ಯೆ ಅದರದು. ಆ ಅಗಲಕ್ಕೆ ಔಷಧಿ, ಸುಗಂಧದ್ರವ್ಯಗಳೂ ಸಿಕ್ಕಿಬಿದ್ದು, 1951ರ ಬಾಲ್ಸಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅವುಗಳನ್ನು ಹೊರಗೆಳೆಯಬೇಕಾಯಿತು. ಶುಂಠಿಯ ಪಾನಕವನ್ನು ಹೊರಗೆಳೆಯಲು ಯಾರೂ ಕೋರ್ಟಿಗೆ ಹೋಗಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ದೇಶದ ಆಹಾರ ಸುರಕ್ಷತೆಯ ನಿಯಮಗಳ ಪ್ರಕಾರ ಪಾನೀಯದಲ್ಲಿ ಆಲ್ಕೋಹಾಲಿನ ಪ್ರಮಾಣ ಶೇಕಡಾ 0.5 ದಾಟಿದರೆ ಮಾತ್ರ ಅದು ಮದ್ಯ. ಆದರೆ ಯೀಸ್ಟಿನ ಅಡುಗೆಮನೆಯಲ್ಲಿ ನೊರೆಯೂ ಆಲ್ಕೋಹಾಲೂ ಅವಳಿ ಮಕ್ಕಳು. ಲೀಟರಿಗೆ 8 ಗ್ರಾಂ ಸಕ್ಕರೆ ಹುದುಗಿದರೆ ನಾಲಗೆಗೆ ಹಿತವಾಗಿ ಚುಮುಗುಡುವಷ್ಟು ಅನಿಲ ಬರುತ್ತದೆ. ಜೊತೆಗೆ ಹೆಚ್ಚುಕಡಿಮೆ ಅದೇ ಶೇಕಡಾ 0.5ರಷ್ಟು ಆಲ್ಕೋಹಾಲೂ ಬಂದುಬಿಡುತ್ತದೆ. ಮಕ್ಕಳಿಗೆಂದು ಶುಂಠಿ, ಬೆಲ್ಲ, ನಿಂಬೆ ಬೆರೆಸಿ ಹುದುಗಿಗಿಟ್ಟ ಗೃಹಿಣಿ ಎರಡು ದಿನ ಮರೆತರೆ ಯಾವ ಗೆರೆಯ ಯಾವ ಬದಿಯಲ್ಲಿ ನಿಂತಿದ್ದಾಳೆಂದು ಅವಳಿಗೂ ಗೊತ್ತಿಲ್ಲ, ಕಾಯಿದೆಗೂ ಗೊತ್ತಿಲ್ಲ.

ಗುಜರಾತಿನಲ್ಲಿ ಕೂತು ಬಿಯರ್ ತಯಾರಿಸಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ಅದು ಅಪರಾಧ, ಶಿಕ್ಷೆಯೂ ಸಣ್ಣದಲ್ಲ. ಆದರೆ ಕಾಯಿದೆಯ ಭಯ ದ್ರವವನ್ನು ದಾಟಿ ಪಾತ್ರೆಯವರೆಗೆ ಹರಿದು, ಪಾತ್ರೆಯಿಂದ ಅದರ ಬಣ್ಣದವರೆಗೆ ಹರಿದಿದೆ. ದಮಣ್ ಇಲ್ಲಿಂದ ನೂರು ಕಿಲೋಮೀಟರಿಗೆ ತುಸು ಹೆಚ್ಚು. ಶನಿವಾರ ಹೋಗಿ ಭಾನುವಾರ ಹಿಂದಿರುಗುವವರು ತೊಳೆದು ಒಣಗಿಸಿದ ಎರಡು ಖಾಲಿ ಸೀಸೆಗಳನ್ನು ಚೀಲದಲ್ಲಿ ತರುವ ಧೈರ್ಯ ಮಾಡುವುದಿಲ್ಲ. ಗಡಿಯ ತಪಾಸಣೆಯಲ್ಲಿ ಖಾಲಿ ಸೀಸೆಗೆ ವಿವರಣೆ ಕೊಡುವುದು ತುಂಬಿದ ಸೀಸೆಗೆ ಕೊಡುವುದಕ್ಕಿಂತ ಕಷ್ಟ. ತುಂಬಿದ್ದಕ್ಕಾದರೆ ಎಲ್ಲರಿಗೂ ಅರ್ಥವಾಗುವ ಒಂದು ಕಾರಣವಿದೆ.

ಇದೇ ವೇಳೆ ಗಡಿ ದಾಟಿ ಬರುವ ತುಂಬಿದ ಸೀಸೆಗಳಿಗೇನೂ ಬರವಿಲ್ಲ. ಪೊಲೀಸರು ವಶಪಡಿಸಿಕೊಂಡ ಮದ್ಯವನ್ನು ನ್ಯಾಯಾಲಯದ ಅನುಮತಿ ಪಡೆದು ನಾಶ ಮಾಡುವ ಚಿತ್ರಗಳು ಇಲ್ಲಿನ ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಬಯಲಿನಲ್ಲಿ ಸಾಲಾಗಿ ಹಾಸಿದ ಸೀಸೆಗಳ ಮೇಲೆ ರೋಡ್ ರೋಲರ್ ಹಾಯುತ್ತದೆ, ಅಧಿಕಾರಿಗಳು ಪಕ್ಕದಲ್ಲಿ ನಿಂತಿರುತ್ತಾರೆ. ದ್ರವವನ್ನು ಚೆಲ್ಲಬೇಕೆಂಬ ತೀರ್ಮಾನ ಒಂದು. ಗಾಜನ್ನು ಹುಡಿ ಮಾಡಬೇಕೆಂಬುದು ಬೇರೆಯದೇ ತೀರ್ಮಾನ. ಎರಡನೆಯದಕ್ಕೆ ಕಾರಣ ಕೇಳಿದವರುಂಟೆ? ಸಾವಿರದೈನೂರು ಡಿಗ್ರಿಯ ಆಸುಪಾಸಿನ ಕುಲುಮೆಯಲ್ಲಿ ಮರಳು ಕರಗಿಸಿ ಮಾಡಿದ, ಇನ್ನೂ ಹತ್ತಾರು ಸಲ ತುಂಬಬಹುದಾದ ಪಾತ್ರೆಗಳು ಮಣ್ಣಿನಲ್ಲಿ ಬೆರೆತು ದನಗಳ ಗೊರಸಿಗೂ ಚಿಂದಿ ಆಯುವವರ ಅಂಗಾಲಿಗೂ ಕಾಯುತ್ತವೆ. ಶೀಲರಕ್ಷಣೆಯ ಈ ಮೆರವಣಿಗೆಗೆ ಒಂದು ಕಾಯಂ ಹಿನ್ನೆಲೆಯೂ ಉಂಟು. ಸೂರತ್ ಜಿಲ್ಲೆಯದೇ ಕೋಸಂಬಾದಲ್ಲಿ, ಭರೂಚ್ ಜಿಲ್ಲೆಯ ಜಂಬುಸರದಲ್ಲಿ ಸುಗಂಧದ್ರವ್ಯಕ್ಕೂ ಔಷಧಿಗೂ ಬೆಲೆಬಾಳುವ ಮದ್ಯಕ್ಕೂ ಸೀಸೆ ಮಾಡಿ ದೇಶವಿದೇಶಗಳಿಗೆ ಕಳಿಸುವ ಕುಲುಮೆಗಳು ಹಗಲಿರುಳು ಉರಿಯುತ್ತಿವೆ. ಅಡಾಜಣಿನಿಂದ ಸಮುದ್ರದ ಕಡೆ ಹೊರಟರೆ ಸಿಗುವ ಹಜೀರಾದಲ್ಲಿ ಎಲ್ ಆಂಡ್ ಟಿಯ ಕಾರ್ಖಾನೆ ಅಣುಸ್ಥಾವರಗಳಿಗೂ ತೈಲಾಗಾರಗಳಿಗೂ ಭಾರೀ ಒತ್ತಡ ತಡೆಯುವ ಉಕ್ಕಿನ ಪಾತ್ರೆಗಳನ್ನು ಕಟ್ಟುತ್ತದೆ. ಹಜೀರಾ ಪಟ್ಟಿಯ ಕಾರ್ಖಾನೆಗಳಿಗೆ ದುಡಿಯಲು ಬಂದ ಕನ್ನಡದ ಎಂಜಿನಿಯರುಗಳಲ್ಲಿ ಹಲವರು ನಮ್ಮ ನೆರೆಹೊರೆಯವರೇ. ಹಗಲು ನೂರಾರು ವಾಯುಭಾರದ ಲೆಕ್ಕ ಹಾಕುವವರು ಸಂಜೆ ಮನೆಗೆ ಬಂದರೆ ಮೂರು ವಾಯುಭಾರ ತಡೆಯುವ ಒಂದು ಸೀಸೆಗೆ ಗತಿಯಿಲ್ಲ.

ಕೆಲವರು ಈ ಹಂತದಲ್ಲಿ ಕಳ್ಳಭಟ್ಟಿಯ ಸಾವುಗಳನ್ನು ನೆನಪಿಸುತ್ತಾರೆ. ನೆನಪಿಸಲೇಬೇಕು, ಆದರೆ ಸರಿಯಾಗಿ ನೆನಪಿಸಬೇಕು. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರರಷ್ಟು ಜನ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಕೃಷ್ಣಗಿರಿಗಳ ಸುತ್ತ ನೂರಕ್ಕೂ ಹೆಚ್ಚು. 2009ರಲ್ಲಿ ಅಹಮದಾಬಾದಿನಲ್ಲಿ ನೂರಕ್ಕೂ ಹೆಚ್ಚು. 2022ರ ಜುಲೈಯಲ್ಲಿ ಬೋಟಾದ್ ಸುತ್ತಿನ ಹಳ್ಳಿಗಳಲ್ಲಿ ನಲವತ್ತಕ್ಕೂ ಹೆಚ್ಚು. ಇವರನ್ನೆಲ್ಲ ಕೊಂದದ್ದು ಮೆಥನಾಲ್. ಧಾನ್ಯ ಹುದುಗಿಸಿದಾಗ ಅದು ಲೆಕ್ಕಕ್ಕೆ ಬಾರದಷ್ಟೇ ಹುಟ್ಟುತ್ತದೆ. ಬೋಟಾದಿನಲ್ಲಿ ಅದು ಕಾರ್ಖಾನೆಯ ದಾಸ್ತಾನಿನಿಂದ ಕದ್ದು ನೀರು ಬೆರೆಸಿ ಮಾರಿದ ರಾಸಾಯನಿಕ. ಭಟ್ಟಿಯೂ ಅಲ್ಲ, ಹುದುಗೂ ಅಲ್ಲ. ಪತ್ರಿಕೆಗಳು ಎಲ್ಲಕ್ಕೂ ಒಂದೇ ಪದ ಅಂಟಿಸುವುದರಿಂದ ಅಡುಗೆಮನೆಯ ಹುದುಗಿಗೂ ಕಾರ್ಖಾನೆಯ ವಿಷಕ್ಕೂ ಓದುಗರ ಮನಸ್ಸಿನಲ್ಲಿ ಭೇದವಿಲ್ಲದಾಗಿದೆ.

ಆ ಸಾವುಗಳಲ್ಲಿಯೂ ಪಾತ್ರೆಯ ಮಾತಿದೆ, ಅದನ್ನು ಯಾರೂ ಆಡುವುದಿಲ್ಲ. ಗುಜರಾತಿನಲ್ಲಿ ಬಡವನ ಮದ್ಯ ಬರುವುದು ಪೋಟಲಿಯಲ್ಲಿ, ಅಂದರೆ ಗಂಟು ಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ. ಕರ್ನಾಟಕದಲ್ಲಿ 2007ರ ಜುಲೈ 1ರಂದು ಸಾರಾಯಿ ನಿಲ್ಲುವವರೆಗೂ ಅದು ಪ್ಯಾಕೆಟ್ ಸಾರಾಯಿಯೇ ಆಗಿತ್ತು. ಸರ್ಕಾರವೇ ಸುಂಕ ಪಡೆದು ಪಾಲಿಥೀನ್ ಪೊಟ್ಟಣದಲ್ಲಿ ಕುಡಿಸಿತು. ಗುರುತಿಲ್ಲದ, ಹಿಂದಿರುಗಿಸಲಾಗದ, ಒಳಗೇನಿದೆಯೆಂದು ಬೆಳಕಿಗೆ ಹಿಡಿದು ನೋಡಲೂ ಬಾರದ ಚೀಲ ಅದು. ಗಟ್ಟಿ ಸೀಸೆ, ಬಿಗಿ ಮುಚ್ಚಳ, ಅಬಕಾರಿಯ ಚೀಟಿ ಇವೆಲ್ಲ ಹಣವುಳ್ಳವನ ಭಾಗ್ಯ. 2023ರ ಡಿಸೆಂಬರಿನಿಂದ ಗಿಫ್ಟ್ ಸಿಟಿಯ ಹೋಟೆಲುಗಳಲ್ಲಿ ಕಾನೂನುಬದ್ಧವಾಗಿ ಮದ್ಯ ಸುರಿಯುವ ಸೌಕರ್ಯವೂ ಆಯಿತು. ಪಾತ್ರೆಯನ್ನು ನೋಡಿದರೆ ಸಾಕು, ಕುಡಿಯುವವನನ್ನು ರಾಜ್ಯ ಯಾವ ದರ್ಜೆಯಲ್ಲಿ ಕೂರಿಸಿದೆಯೆಂದು ತಿಳಿಯುತ್ತದೆ.

ಕಾನೂನಿನ ಮೇಲೆಯೇ ಎಲ್ಲ ಹೊರೆ ಹಾಕಿದರೆ ಅನ್ಯಾಯವಾದೀತು. ಪಾನನಿಷೇಧವಿದ್ದರೂ ಸೂರತ್ತಿನಲ್ಲಿ ಒತ್ತಡ ತಡೆಯುವ ಸೀಸೆಗಳಿಗೆ ಒಂದು ಕಾಲದಲ್ಲಿ ಕೊರತೆಯಿರಲಿಲ್ಲ. ಸ್ವದೇಶಿ ಚಳವಳಿಯ ದಿನಗಳಲ್ಲಿ, 1923ರಲ್ಲಿ, ಈ ಊರಿನ ಹಜೂರಿ ಮನೆತನ ಆರಂಭಿಸಿದ ಸೋಸ್ಯೊ ಎಂಬ ಪಾನೀಯ ಇಂದಿಗೂ ಸೂರತ್ತಿಗರ ಅಭಿಮಾನದ ಸಂಗತಿ. ಸೇಬು, ದ್ರಾಕ್ಷಿಗಳ ಸೊಗಡು, ಸೈಡರಿನಂತಹ ರುಚಿ, ಮದ್ಯದ ಸೋಂಕಿಲ್ಲ. ಹೊರನಾಡಿಗರು ಮೊದಲ ಗುಟುಕಿಗೆ ಮುಖ ಕಿವುಚಿದರೂ ಹತ್ತನೆಯ ಸೀಸೆಗೆ ಒಗ್ಗಿಕೊಳ್ಳುತ್ತಾರೆ. ಸೋಸ್ಯೊ, ಥಮ್ಸ್ ಅಪ್, ಬೀದಿಯ ಸೋಡಾ ಎಲ್ಲವೂ ಹಿಂದಿರುಗಿಸುವ ಗಾಜಿನ ಸೀಸೆಯಲ್ಲಿ ಬರುತ್ತಿದ್ದವು. ಅಂಗಡಿಯವನು ಠೇವಣಿ ಹಿಡಿದುಕೊಂಡು ಕೊಡುತ್ತಿದ್ದ, ಮರದ ಪೆಟ್ಟಿಗೆಯಲ್ಲಿ ಖಾಲಿ ಸೀಸೆಗಳು ಮರಳುತ್ತಿದ್ದವು. 1870ರ ದಶಕದಲ್ಲಿ ಇಂಗ್ಲೆಂಡಿನ ಹೈರಂ ಕಾಡ್ ರೂಪಿಸಿದ ಗೋಲಿ ಸೀಸೆಯನ್ನು ಅದರ ತವರು ಎಂದೋ ಮರೆತರೂ ನಮ್ಮ ಊರುಗಳು ಉಳಿಸಿಕೊಂಡವು. ಒಳಗಿನ ಅನಿಲವೇ ಗೋಲಿಯನ್ನು ಮೇಲಕ್ಕೊತ್ತಿ ಬಾಯಿ ಮುಚ್ಚುವ ಆ ಉಪಾಯಕ್ಕೆ ಮುಚ್ಚಳದ ಖರ್ಚಿಲ್ಲ. ಬೆಂಗಳೂರು ಡೇರಿಯ ಹಾಲು ಕೂಡ ಗಾಜಿನ ಸೀಸೆಯಲ್ಲಿ ಬೆಳಗಿನ ಬಾಗಿಲಿಗೆ ಬರುತ್ತಿದ್ದುದನ್ನು ಬಲ್ಲ ಹಿರಿಯರು ನಮ್ಮ ಬಳಗದಲ್ಲಿಯೇ ಇದ್ದಾರೆ.

ಆ ವ್ಯವಸ್ಥೆಯನ್ನು ಯಾವ ಪೊಲೀಸರೂ ಒಡೆಯಲಿಲ್ಲ. ಸೀಸೆ ತೊಳೆಯುವ, ಸಾಗಿಸುವ, ಹಿಂದೆ ತರುವ ಖರ್ಚನ್ನು ತನ್ನ ತಲೆಯಿಂದ ಇಳಿಸಿಕೊಳ್ಳಬೇಕೆಂದು ಕಂಪನಿಗಳು ಪ್ಲಾಸ್ಟಿಕ್ಕಿಗೆ ಹೊರಳಿದವು, ಕಸದ ಖರ್ಚನ್ನು ನಗರಪಾಲಿಕೆಯ ತಲೆಗೆ ಕಟ್ಟಿದವು. ನಾವು ಅದನ್ನು ಅನುಕೂಲ ಎಂದು ಕರೆದೆವು. ಈಗ ಸೋಸ್ಯೊ ಕೂಡ ಹೆಚ್ಚಾಗಿ ಪ್ಲಾಸ್ಟಿಕ್ಕಿನಲ್ಲಿಯೇ ಕಣ್ಣಿಗೆ ಬೀಳುತ್ತದೆ. 2023ರಲ್ಲಿ ಅದರ ಅರ್ಧ ಪಾಲು ರಿಲಯನ್ಸಿನ ಕೈ ಸೇರಿತು. ಗೋಲಿ ಸೋಡಾದ ಕಥೆ ಇನ್ನೂ ಸೊಗಸು. ಬೀದಿಯಿಂದ ಅದು ಹೆಚ್ಚುಕಡಿಮೆ ಮಾಯವಾದ ಮೇಲೆ, 2025ರಲ್ಲಿ ನಮ್ಮ ರಫ್ತು ಪ್ರಾಧಿಕಾರ ಅದನ್ನೇ ಭಾರತದ ಪರಂಪರೆಯೆಂದು ಕೊಲ್ಲಿ ದೇಶಗಳ ಮಾಲುಗಳಿಗೆ ಹಡಗಿಗೇರಿಸಿ ಹೆಮ್ಮೆಪಟ್ಟಿತು. ಇಲ್ಲಿ ಗುಜರಿಗೂ ಸಿಗದ ಸೀಸೆ ಅಲ್ಲಿ ಅಲಂಕಾರದ ಕಪಾಟಿನಲ್ಲಿದೆ.

ಇದು ಹೀಗೆಯೇ ಆಗಬೇಕಿತ್ತು, ಕಾಲವೇ ಹಾಗಿದೆ ಎನ್ನುವವರಿಗೆ ಎರಡು ಉದಾಹರಣೆ ಕೊ��ುತ್ತೇನೆ. ಜರ್ಮನಿಯಲ್ಲಿ ಬಿಯರಿನ ಸಾಮಾನ್ಯ ಸೀಸೆಗೆ 8 ಸೆಂಟ್ ಠೇವಣಿ, ತಂತಿಯ ಕೊಕ್ಕೆಯ ಮುಚ್ಚಳವಿರುವ ಸೀಸೆಗೆ 15 ಸೆಂಟ್. 1969ರಲ್ಲಿ ಅಲ್ಲಿನ ಖನಿಜಜಲದ ಉದ್ಯಮದವರು ಒಟ್ಟಾಗಿ ಗುಂಟರ್ ಕುಪೆಟ್ಜ್ ಎಂಬ ವಿನ್ಯಾಸಕಾರನಿಂದ 0.7 ಲೀಟರಿನ ಒಂದೇ ಮಾದರಿಯ ಸೀಸೆ ಮಾಡಿಸಿಕೊಂಡರು. ಯಾವ ಊರಿನ ನೀರೂ ಅದರಲ್ಲಿ ತುಂಬಬಹುದು, ಯಾವ ಊರಿನ ಅಂಗಡಿಗೂ ಹಿಂದಿರುಗಿಸಬಹುದು. ನಮ್ಮ ಕಂಪನಿಗಳು ಗಾಜಿನ ಮೇಲೆ ಹೆಸರು ಉಬ್ಬಿಸಿ ಕೋರ್ಟಿಗೆ ಓಡುವುದಕ್ಕೂ ಅವರು ಹೆಸರಿಲ್ಲದ ಸೀಸೆಯನ್ನು ಹಂಚಿಕೊಳ್ಳುವುದಕ್ಕೂ ಇರುವ ಅಂತರ ಹಣದ್ದಲ್ಲ.

ವಿದೇಶದ ಮಾತು ಬೇಡವೆಂದರೆ ನೀಲಗಿರಿಗೆ ಬನ್ನಿ. ಕಾಡಿನಲ್ಲಿ ಎಸೆದ ಮದ್ಯದ ಸೀಸೆಗಳ ಚೂರು ಆನೆಗಳ ಪಾದ ಸೀಳುತ್ತಿವೆಯೆಂಬ ದೂರು ಮದರಾಸು ಹೈಕೋರ್ಟಿಗೆ ಹೋಗಿ, 2022ರಲ್ಲಿ ಸರ್ಕಾರಿ ಮದ್ಯದಂಗಡಿಗಳು ಪ್ರತಿ ಸೀಸೆಗೂ 10 ರೂಪಾಯಿ ಹೆಚ್ಚು ಪಡೆದು ಖಾಲಿ ಸೀಸೆ ತಂದವರಿಗೆ ಮರಳಿಸುವ ಪದ್ಧತಿ ಆರಂಭವಾಯಿತು. ಬಳಿಕ ಬೇರೆ ಜಿಲ್ಲೆಗಳಿಗೂ ಅದು ಹಬ್ಬಿತು. ಹತ್ತು ರೂಪಾಯಿಯ ಆಸೆ ಸೀಸೆಯನ್ನು ಕಾಡಿನಿಂದ ಅಂಗಡಿಗೆ ನಡೆಸಿತು. ಠೇವಣಿಯಿಂದ ಕುಡಿತ ಹೆಚ್ಚುವುದೆಂದು ಯಾರೂ ವಾದಿಸಲಿಲ್ಲ, ವಾದಿಸಲು ಅಲ್ಲೇನೂ ಇರಲಿಲ್ಲ.

ಹಾಗಾದರೆ ಗುಜರಾತಿನಲ್ಲೇಕೆ ಆಗಬಾರದು? ಮದ್ಯದಂಗಡಿ ಇಲ್ಲದಿದ್ದರೂ ತಂಪು ಪಾನೀಯದ ಅಂಗಡಿಗಳು ಮೂಲೆಮೂಲೆಗೂ ಇವೆ. ಸೋಡಾ, ಮಸಾಲೆ ಛಾಸ್, ಹಣ್ಣಿನ ರಸ ಎಲ್ಲಕ್ಕೂ ಒಂದೇ ಅಳತೆಯ, ಒಂದೇ ಬಾಯಿಯ, ಒತ್ತಡ ತಡೆಯುವ ಸೀಸೆಯನ್ನು ಠೇವಣಿಯ ಮೇಲೆ ಚಲಾವಣೆಗೆ ತರುವುದು ಕೋಸಂಬಾದ ಕುಲುಮೆ ಪಕ್ಕದಲ್ಲಿಟ್ಟುಕೊಂಡ ಊರಿಗೆ ಅಸಾಧ್ಯವೆ? ವಶಪಡಿಸಿಕೊಂಡ ಮದ್ಯವನ್ನು ಚರಂಡಿಗೆ ಸುರಿದು, ಸೀಸೆಯನ್ನು ಚೀಟಿ ಕಿತ್ತು ತೊಳೆದು ಹರಾಜು ಹಾಕಿದರೆ ಯಾವ ಧರ್ಮಕ್ಕೆ ಧಕ್ಕೆ? ಖಾಲಿ ಸೀಸೆಯನ್ನು ಮತ್ತೆ ಕಳ್ಳರು ತುಂಬುತ್ತಾರೆಂದು ಇಲಾಖೆ ಹೇಳಬಹುದು. ಕಳ್ಳರಿಗೆ ಪ್ಲಾಸ್ಟಿಕ್ ಚೀಲವೇ ಸಾಕಾಗಿದೆಯೆಂದು ಬೋಟಾದ್ ತೋರಿಸಿಕೊಟ್ಟಿದೆ. ಗಟ್ಟಿ ಸೀಸೆ ಬೇಕಾಗಿರುವುದು ಶುಂಠಿ ಹುದುಗಿಸುವವರಿಗೆ, ಕೊಂಬೂಚಾ ಇಡುವವರಿಗೆ, ಚಳಿಗಾಲದ ನಸುಕಿನಲ್ಲಿ ನೀರಾ ಕೊಳ್ಳುವವರಿಗೆ. ದಕ್ಷಿಣ ಗುಜರಾತಿನಲ್ಲಿ ಪರವಾನಗಿಯ ನೀರಾ ಕೇಂದ್ರಗಳ ಮುಂದೆ ಹೊತ್ತು ಮೂಡುವ ಮುನ್ನವೇ ಜನ ಸೇರುತ್ತಾರೆ. ಅಲ್ಲಿಯೇ ಲೋಟದಲ್ಲಿ ಕುಡಿದರೆ ಸರಿ. ಮನೆಮಂದಿಗೆಂದು ಸೀಸೆಗೆ ತುಂಬಿ ಬಿಗಿದು ತಂದರೆ ಬಿಸಿಲೇರುತ್ತಿದ್ದಂತೆ ಅದು ಹುದುಗತೊಡಗುತ್ತದೆ. ಸರ್ಕಾರವೇ ಮಾರಿದ ಪಾನೀಯ ಮಧ್ಯಾಹ್ನದ ಹೊತ್ತಿಗೆ ಸರ್ಕಾರವೇ ನಿಷೇಧಿಸಿದ ಪಾನೀಯವಾಗಿರುತ್ತದೆ, ಜೊತೆಗೆ ಸೀಸೆಯೂ ಬಿಗಿದಿರುತ್ತದೆ.

ಸದ್ಯಕ್ಕೆ, ಅಡಾಜಣಿನಲ್ಲಿ ಯಾರಾದರೂ ನನ್ನನ್ನು ಕೇಳಿದರೆ ನಾನು ಗಾಜನ್ನು ಮುಟ್ಟಬೇಡಿ ಎನ್ನುತ್ತೇನೆ. ಇಷ್ಟು ಹೊತ್ತು ಪ್ಲಾಸ್ಟಿಕ್ಕನ್ನು ಬೈದವನ ಬಾಯಲ್ಲಿ ಈ ಮಾತೇ ಎಂದು ನಕ್ಕರೂ ಚಿಂತೆಯಿಲ್ಲ. ಸೋಡಾ ಅಥವಾ ಕೋಲಾ ಬಂದ ಪೆಟ್ ಬಾಟಲಿ ನೊರೆಯ ಒತ್ತಡಕ್ಕೆಂದೇ ಹುಟ್ಟಿದ್ದು. ಕುಡಿಯುವ ನೀರಿನ ತೆಳು ಬಾಟಲಿ ಅಲ್ಲ, ಅದು ಬೇರೆ. ಬಿಸಿನೀರು ಸೋಕಿಸದೆ ತೊಳೆದು, ಮೇಲೆ ನಾಲ್ಕು ಬೆರಳು ಜಾಗ ಬಿಟ್ಟು ತುಂಬಿ, ದಿನಕ್ಕೆರಡು ಸಲ ಹೆಬ್ಬೆರಳಿನಿಂದ ಒತ್ತಿ ನೋಡಿ. ಮೊದಲ ದಿನ ಮಣಿಯುತ್ತದೆ. ಕಲ್ಲಿನಂತೆ ಗಟ್ಟಿಯಾದೊಡನೆ ಫ್ರಿಜ್ಜಿಗೆ ಹಾಕಿ, ತಣಿದ ಮೇಲೆ ಪಾತ್ರೆ ತೊಳೆಯುವ ತೊಟ್ಟಿಯ ಮೇಲೆ ಹಿಡಿದು ನಿಧಾನವಾಗಿ ತಿರುಪು ಸಡಿಲಿಸಿ. ಸಾಸಿನ ಸೀಸೆಗಳನ್ನು ಪಸ್ತಿವಾಲನಿಗೆ ಕೊಟ್ಟುಬಿಡಿ, ಅವನ್ನು ಅವನು ತೆಗೆದುಕೊಳ್ಳುತ್ತಾನೆ.